ಅಕ್ಟೋಬರ್ 31ರ ಸಂಜೆಗೆ ಮಗುವನ್ನು ಹೊರಡಿಸುವುದು

ಹ್ಯಾಲೋವೀನ್ ಅಂದರೆ ಮಕ್ಕಳು ವೇಷ ಹಾಕಿಕೊಂಡು ಸಂಜೆ ಮನೆಮನೆಗೆ ಹೋಗಿ ಚಾಕೊಲೇಟ್, ಕ್ಯಾಂಡಿ ಪಡೆಯುವ ಹಬ್ಬ. ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರು ಅದು ಹತ್ತಿರ ಬಂದಾಗ ನನ್ನನ್ನು ಕೇಳುವುದು ಒಂದೇ, "ಮಕ್ಕಳಿಗೆ ಯಾವ ವೇಷ ಹಾಕಿಸೋದು?" ಯಾವುದಾದರೂ ಆಗಲಿ. ಅದನ್ನು ಹಾಕಿಕೊಂಡು ಮಗು ಕತ್ತಲಲ್ಲಿ ಒಂದು ಗಂಟೆ ಆರಾಮಾಗಿ ನಡೆಯುತ್ತದಾ? ನಾನು ನೋಡುವುದು ಅದನ್ನೇ.

ಮೊದಲ ವರ್ಷ ನನ್ನ ಮಗಳಿಗೆ ರಾಣಿಯ ಗೌನ್ ತಂದಿದ್ದೆ. ನೆಲ ಗುಡಿಸುವಷ್ಟು ಉದ್ದ. ಮೂರನೇ ಮನೆಯ ಮೆಟ್ಟಿಲಲ್ಲಿ ಅಂಚು ಕಾಲಿಗೆ ಸಿಕ್ಕಿ ಬಿದ್ದಳು. ಮಂಡಿ ತರಚಿತು, ಚಾಕೊಲೇಟೆಲ್ಲ ಹುಲ್ಲಿನ ಮೇಲೆ ಚೆಲ್ಲಿಹೋಯಿತು. ಈಗ ವಾರ ಮುಂಚೆಯೇ, ಆ ದಿನ ಹಾಕುವ ಶೂ ತೊಡಿಸಿ ಅವಳನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತೇನೆ. ಶೂ ಪೂರ್ತಿ ಕಾಣುವಷ್ಟು ಅಂಚು ಮಡಚಿ, ಸುತ್ತಲೂ ಪಿನ್ ಚುಚ್ಚಿ, ದೊಡ್ಡ ದೊಡ್ಡ ಹೊಲಿಗೆ ಹಾಕುತ್ತೇನೆ. ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು.

ಇನ್ನೊಂದು ಚಳಿ. ನಮ್ಮ ನ್ಯೂಜೆರ್ಸಿಯಲ್ಲಿ ಅವತ್ತು ಆರು ಗಂಟೆ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಇಷ್ಟಪಟ್ಟು ಹಾಕಿಕೊಂಡ ವೇಷದ ಮೇಲೆ ಜಾಕೆಟ್ ಹಾಕಿಸಿದರೆ ಮಗುವಿಗೆ ಅಳು ಬರದೇ ಇರುತ್ತದಾ? ಒಂದು ಸೈಜ್ ದೊಡ್ಡದು ತಗೊಳ್ಳಿ, ಸ್ವೆಟರ್ ಒಳಗೇ ಹೋಗಲಿ. ಮುಖವಾಡ ಬೇಡ, ಅಕ್ಕಪಕ್ಕ ಬರುವ ಕಾರು ಕಾಣುವುದಿಲ್ಲ. ಮುಖಕ್ಕೆ ಬಣ್ಣ ಹಚ್ಚಿ, ಆದರೆ ಹಿಂದಿನ ದಿನ ಕೈ ಮೇಲೆ ಸ್ವಲ್ಪ ಹಚ್ಚಿ ನೋಡಿರಿ. ಬೆನ್ನಿಗೆ, ಬುಟ್ಟಿಗೆ ಬೆಳಕಿಗೆ ಹೊಳೆಯುವ ಟೇಪ್ ಅಂಟಿಸಿ.

ನಮ್ಮ ಮನೆಯಲ್ಲಿ ಇದುವರೆಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದ ವೇಷ ಒನಕೆ ಓಬವ್ವ. ದಪ್ಪ ಲೆಗ್ಗಿಂಗ್ಸ್ ಮೇಲೆ ನನ್ನ ಹಳೇ ಕಾಟನ್ ಸೀರೆಯ ಅರ್ಧ ತುಂಡನ್ನು ಕಚ್ಚೆ ಹಾಕಿ ಉಡಿಸಿದೆ. ಕಾಲಿಗೆ ತೊಡರುವ ಮಾತೇ ಇಲ್ಲ. ಗಿಫ್ಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಗೆ ಕಂದು ಬಣ್ಣ ಬಳಿದರೆ ಒನಕೆ ಆಯಿತು, ಹೊರಲು ಹಗುರ. "ನೀನು ಯಾರು?" ಎಂದು ಕೇಳಿದವರಿಗೆಲ್ಲ ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರ ಕಥೆಯನ್ನು ಎರಡೇ ಮಾತಲ್ಲಿ ಹೇಳಿದಳು. ಒಂದು ವಾರ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದಳು.

ಯಾವ ಮನೆಗೆ ಹೋಗಬೇಕು? ಬಾಗಿಲ ಬಳಿ ಲೈಟ್ ಉರಿಯುತ್ತಿದ್ದರೆ ಹೋಗಿ. ಇಲ್ಲವಾದರೆ ಬೆಲ್ ಮಾಡಬೇಡಿ. ನವಿಲುಗರಿಯಂಥ ನೀಲಿ-ಹಸಿರು (ಟೀಲ್) ಬಣ್ಣದ ಕುಂಬಳಕಾಯಿ ಇಟ್ಟಿದ್ದರೆ, ಅಲ್ಲಿ ಸ್ಟಿಕರ್, ಪೆನ್ಸಿಲ್‌ನಂಥ ತಿನ್ನದ ವಸ್ತುಗಳೂ ಸಿಗುತ್ತವೆ ಎಂದು ಅರ್ಥ. ಫುಡ್ ಅಲರ್ಜಿ ಇರುವ ಮಕ್ಕಳಿಗಾಗಿ 2014ರಿಂದ ದೇಶದ ತುಂಬಾ ಹಬ್ಬಿದ ಗುರುತು ಇದು. ನೀವೂ ಒಂದು ಇಡಿ, ಖರ್ಚು ಜಾಸ್ತಿ ಇಲ್ಲ.

ಮನೆಗೆ ಬಂದು ನೋಡುವ ತನಕ ಏನೂ ತಿನ್ನಬಾರದು ಎಂದು ಮೊದಲೇ ಹೇಳಿಡಿ. ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕುವ ಗಟ್ಟಿ ಕ್ಯಾಂಡಿ ಆರಿಸಿ ತೆಗೆಯಿರಿ. ಸಸ್ಯಾಹಾರಿಗಳು ಜೆಲಾಟಿನ್ ಹೆಸರು ಹುಡುಕಿ. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಆಗುವಂಥದ್ದು. ಮಾರ್ಷ್‌ಮೆಲ್ಲೋ, ಸ್ಟಾರ್‌ಬರ್ಸ್ಟ್‌ನಲ್ಲಿ ಇರುತ್ತದೆ. ನಾವು ಅಂಥವನ್ನು ಪಕ್ಕದ ಮನೆ ಮಕ್ಕಳ ಚಾಕೊಲೇಟ್ ಜೊತೆ ಬದಲಾಯಿಸಿಕೊಳ್ಳುತ್ತೇವೆ. ಆ ವ್ಯಾಪಾರವೇ ಮಕ್ಕಳಿಗೆ ದೊಡ್ಡ ಖುಷಿ.

ಮನೆಯಲ್ಲಿ ಹಿರಿಯರಿದ್ದರೆ ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿ, ಹಂಚುವ ಕೆಲಸ ಅವರಿಗೇ ಕೊಡಿ. ನಮ್ಮ ಅತ್ತೆ ಬಂದಿದ್ದಾಗ, "ಮನೆ ಮುಂದೆ ಅಸ್ಥಿಪಂಜರ ಯಾಕಮ್ಮಾ ನಿಲ್ಲಿಸ್ತಾರೆ?" ಎಂದು ಬೇಜಾರು ಮಾಡಿಕೊಂಡಿದ್ದರು. ಸಂಜೆ ನೋಡಿದರೆ ಶಾಲು ಹೊದ್ದು ಕೂತು, ಬಂದ ಒಂದೊಂದು ಮಗುವಿನ ಗಲ್ಲ ಹಿಡಿದು, "ಎಷ್ಟು ಚೆನ್ನಾಗಿದೀಯೋ!" ಎನ್ನುತ್ತಿದ್ದರು. ದಸರಾಕ್ಕೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಬಾಗಿನ ಕೊಡುವಾಗಿನದೇ ಮುಖ. ಕೊಬ್ಬರಿ ಮಿಠಾಯಿ ಮಾಡುತ್ತೇನೆ ಎಂದೂ ಹೊರಟಿದ್ದರು. ಅದು ಬೇಡ, ಗುರುತಿಲ್ಲದ ಮನೆಯ ಬಿಡಿ ತಿಂಡಿಯನ್ನು ಇಲ್ಲಿ ಮಕ್ಕಳಿಗೆ ತಿನ್ನಿಸುವುದಿಲ್ಲ. ಪ್ಯಾಕೆಟ್ಟಿನದನ್ನೇ ಕೊಡಿ.

ಬಟ್ಟಲು ಖಾಲಿಯಾದ ಕೂಡಲೇ ಲೈಟ್ ಆರಿಸಿ, ತಡವಾಗಿ ಬಂದ ಮಗು ಮೆಟ್ಟಿಲು ಹತ್ತಿ ಬರಿಗೈಯಲ್ಲಿ ಹೋಗುವಂತಾಗಬಾರದು.