ಯಾವ ಜಾಗಕ್ಕೆ ಯಾವ ಬರಹ?

ಒಟ್ಟಿಗೆ ಎರಡು ಮೂರು ಬರಹ ಹಿಡಿದುಕೊಂಡು ಒದ್ದಾಡುವವರಿಗೆ ಒಂದು ಸಲಹೆ. ‘ಇವತ್ತು ಯಾವುದು ಬರೆಯಲಿ?’ ಅಂತ ಯೋಚಿಸುವ ಬದಲು ‘ಈಗ ಎಲ್ಲಿ ಕೂತಿದ್ದೀನಿ?’ ಅಂತ ನೋಡಿ.

ನನ್ನ ಕೈಯಲ್ಲಿ ಈಗ ಒಂದು ಕಾದಂಬರಿ, ಒಂದು ಅನುವಾದ, ವಾರಕ್ಕೊಂದು ಅಂಕಣ ಇವೆ. ಅಡುಗೆಮನೆ ಪಕ್ಕದ ಮೇಜಿನಲ್ಲಿ ಕಾದಂಬರಿ ಬರೆಯಲು ತಿಂಗಳುಗಟ್ಟಲೆ ಹೆಣಗಿದೆ. ಕುಕ್ಕರ್ ಮೂರನೇ ಸೀಟಿ ಹೊಡೆಯುವಷ್ಟರಲ್ಲಿ ಪಾತ್ರ ಏನು ಹೇಳಲು ಹೊರಟಿತ್ತೋ ಮರೆತೇ ಹೋಗುತ್ತಿತ್ತು. ಈಗ ಅಲ್ಲಿ ಅನುವಾದ ಮಾತ್ರ. ಎದ್ದು ಒಲೆ ಆರಿಸಿ ಬಂದರೂ ಮುಂದಿನ ವಾಕ್ಯ ಅಲ್ಲೇ ಕಾದಿರುತ್ತದೆ, ಅಲ್ವಾ?

ಅಂಕಣ ಮೆಟ್ರೋದಲ್ಲಿ, ಮೊಬೈಲಿನಲ್ಲೇ. ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಬರುವಷ್ಟರಲ್ಲಿ, ಸೀಟು ಸಿಕ್ಕರೆ, ಮೊದಲ ಕರಡು ಮುಗಿದಿರುತ್ತದೆ. ಪಕ್ಕದವರ ಮಾತೇ ವಿಷಯ ಕೊಡುತ್ತದೆ. (ಕದ್ದು ಕೇಳ್ತೀನಿ, ಒಪ್ಪಿಕೊಂಡೆ.)

ಕಾದಂಬರಿಗೆ ಮಾತ್ರ ರಜೆ ಹಾಕಿ ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯಕ್ಕೆ ಹೋಗುತ್ತೇನೆ. ಫೋನ್ ಬ್ಯಾಗಿನ ತಳದಲ್ಲಿ.

ಹಾಗಂತ ಕಥೆ ನಡೆಯುವ ಊರಲ್ಲೇ ಕೂತು ಬರೆಯಬೇಕು ಅಂತೇನಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಆಗ ಅವರಿದ್ದದ್ದು ಮೈಸೂರಿನಲ್ಲಿ. ನಾನೂ ಅಜ್ಜಿ ಊರಿಗೆ ಹೋದಾಗ ಬರೆಯಲು ಕೂರುವುದಿಲ್ಲ. ಸುಮ್ನೆ ಗೀಚಿಕೊಳ್ಳುತ್ತೇನೆ: ಅಡಿಕೆ ಸುಲಿಯುವವರ ಮಾತು, ಬಚ್ಚಲೊಲೆಯ ಹೊಗೆ, ಯಾರು ಯಾರನ್ನು ಹೇಗೆ ಬೈದರು. ಬೆಂಗಳೂರಿಗೆ ಬಂದ ಮೇಲೆ ಅದೇ ಚೀಟಿಗಳು ಜಾಸ್ತಿ ಕೆಲಸಕ್ಕೆ ಬರುತ್ತವೆ.