ದಪ್ಪ ಅಕ್ಷರದ ಬೋರ್ಡು: ಹೊಟ್ಟೆ ಸೀಳು ಮುಚ್ಚಬಾರದು

ಕುಂಚದಲ್ಲಿ ಎಳೆದಂತೆ ಕಾಣುವ ದಪ್ಪ ಅಕ್ಷರ ಕಲಬುರಗಿಯ ಅಂಗಡಿಗಳಿಗೆ ಹೊಸದೇನಲ್ಲ. ಪೇಂಟರ್‌ಗಳು ತಗಡಿನ ಮೇಲೆ ಬರೆಯುತ್ತಿದ್ದುದೇ ಅದು. ಈಗ ಫಾಂಟಾಗಿ ಸಿಗುತ್ತದೆ. ಆದರೆ ಅಕ್ಷರ ದಪ್ಪವಾದಂತೆ ಒಳಗಿನ ಖಾಲಿ ಜಾಗ ಎಷ್ಟು ಬಿಡಬೇಕೆಂದು ಪೇಂಟರ್ ಕಣ್ಣಲ್ಲೇ ಅಳೆಯುತ್ತಿದ್ದ. ಫಾಂಟ್ ಬಳಸುವಾಗ ಆ ಲೆಕ್ಕ ನಾವೇ ಇಡಬೇಕು. 8 ಅಡಿ ಅಗಲ, 3 ಅಡಿ ಎತ್ತರದ ‘ಜೋಳದ ರೊಟ್ಟಿ ಖಾನಾವಳಿ’ ಬೋರ್ಡನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ಫಾಂಟ್

ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ‘ಬಲೂ ತಮ್ಮ 2’ ದುಂಡಗೆ, ಗಟ್ಟಿಯಾಗಿದೆ. ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ತೂಕ, ಅಂದರೆ ದಪ್ಪದ ಹಂತ. ಇನ್ನಷ್ಟು ಕೈಬರಹದ ಸೊಗಸು ಬೇಕೆಂದರೆ ‘ಅಕಾಯಾ ಕನಡಕ’ ಇದೆ, ಆದರೆ ಒಂದೇ ತೂಕ. ಎರಡೂ ಮುಕ್ತ ಪರವಾನಗಿಯವು. ಅಂಗಡಿ ಬೋರ್ಡಿಗೆ ದುಡ್ಡು ಕೊಡಬೇಕಿಲ್ಲ.

ಇಳಿಸಿಕೊಂಡ ಕೂಡಲೇ ನಾಲ್ಕು ಪದ ಟೈಪ್ ಮಾಡಿ: ಧಾಬಾ, ಭವನ, ಫಲಾಹಾರ, ಮಠ. ಛ, ಢ, ಧ, ಫ, ಭಗಳ ಬುಡದಲ್ಲಿ ಸೀಳು ಇರುತ್ತದೆ, ಠದ ಹೊಟ್ಟೆಯಲ್ಲಿ ಚುಕ್ಕಿ. ತೀರಾ ದಪ್ಪ ಫಾಂಟಿನಲ್ಲಿ ಇವು ಕೂದಲೆಳೆಯಷ್ಟೇ ಉಳಿದಿರುತ್ತವೆ. ಮುದ್ರಣದ ಶಾಯಿ ಹರಡಿದರೆ ಮುಗಿಯಿತು: ಹುಮನಾಬಾದ್ ರಸ್ತೆಯ ಧಾಬಾ ‘ದಾಬಾ’ ಆಗುತ್ತದೆ, ಭವನ ‘ಬವನ’, ಮಠ ‘ಮರ’. ಸೀಳು ಸಣ್ಣದೆನಿಸಿದರೆ ಒಂದು ತೂಕ ಕೆಳಗಿಳಿಯಿರಿ. ಅಂಗಡಿಯವರು ‘ಇನ್ನೂ ದಪ್ಪ ಮಾಡಿ’ ಎಂದೇ ಹೇಳುತ್ತಾರೆ. ತೂಕ ಹೆಚ್ಚಿಸಬೇಡಿ, ಅಳತೆ ಹೆಚ್ಚಿಸಿ.

ಟೈಪಿಂಗ್

ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ, ಶ್ರೀಲಿಪಿ ತಂತ್ರಾಂಶಗಳ ಕಡತಗಳೇ ಹೆಚ್ಚು. ಅವನ್ನು ಹಾಗೇ ತಂದು ಹಾಕಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಪರಿವರ್ತಕದಲ್ಲಿ ಈಗಿನ ಫಾಂಟುಗಳು ಓದುವ ಯುನಿಕೋಡ್ ಸಂಕೇತಕ್ಕೆ ಬದಲಾಯಿಸಿ, ಇಲ್ಲವೇ ಹೊಸದಾಗಿ ಟೈಪ್ ಮಾಡಿ. ‘ರೊಟ್ಟಿ’ಯ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಒಡೆದು ಬಿದ್ದರೆ ತಪ್ಪು ಫಾಂಟಿನದಲ್ಲ. ಫೋಟೋಶಾಪ್‌ನ ಹಳೆಯ ಆವೃತ್ತಿಯಾದರೆ ಟೈಪ್ ಪ್ರಿಫರೆನ್ಸ್‌ಗೆ ಹೋಗಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಿ. ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಈ ತಾಪತ್ರಯವಿಲ್ಲ.

ಅಕ್ಷರಗಳ ನಡುವಿನ ಜಾಗ ಎಳೆದು ಹಿಗ್ಗಿಸಬೇಡಿ. ಕೆಲವು ತಂತ್ರಾಂಶಗಳಲ್ಲಿ ‘ಜೋ’ದ ದೀರ್ಘ ಕಳಚಿ ದೂರ ನಿಲ್ಲುತ್ತದೆ.

ಅಳತೆ

ಅಕ್ಷರದ 1 ಇಂಚು ಎತ್ತರಕ್ಕೆ 10 ಅಡಿ ದೂರ ಎಂಬುದು ಬೋರ್ಡಿನವರ ಸಾಮಾನ್ಯ ಲೆಕ್ಕ. ಒತ್ತು ಬಿಟ್ಟು ಅಕ್ಷರದ ಮೈ 7 ಇಂಚು ಇಟ್ಟರೆ 70 ಅಡಿಯಿಂದ ಓದಬಹುದು. ಆದರೆ ‘ಟ್ಟಿ’ಯ ಒತ್ತು ಅದರ ಅರ್ಧದಷ್ಟೇ ಇರುತ್ತದೆ, ಅದು ಸ್ಪಷ್ಟವಾಗುವುದು 35 ಅಡಿ ಹತ್ತಿರ ಬಂದಾಗ. ಒತ್ತಿರುವ ಸಾಲಿನ ಕೆಳಗೆ ಸಾಲಂತರ ಫಾಂಟ್ ಅಳತೆಯ 1.5 ಪಟ್ಟು ಇರಲಿ, ಒತ್ತಿಲ್ಲದಿದ್ದರೆ 1.2 ಸಾಕು. ಹಳೆಯ ‘ಗುಲ್ಬರ್ಗಾ’ದಲ್ಲಿ ಒತ್ತೂ ಇತ್ತು, ಅರ್ಕಾವತ್ತೂ ಇತ್ತು, 2014ರಿಂದ ಬಂದ ‘ಕಲಬುರಗಿ’ಯಲ್ಲಿ ಎರಡೂ ಇಲ್ಲ. ವಿಳಾಸದ ಸಾಲು ಬಿಗಿಯಾಗಿ ಕೂರುತ್ತದೆ!

ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂಬುದು 2024ರ ತಿದ್ದುಪಡಿಯ ನಿಯಮ. ಕೆಳಗೆ ಉರ್ದು ಸಾಲು ಬರುವುದಾದರೆ ಅದರ ನಸ್ತಾಲೀಕ್ ಬರಹಶೈಲಿ ಓರೆಯಾಗಿ ಇಳಿಯುತ್ತದೆ, ಎತ್ತರ ಹೆಚ್ಚು ಬಿಡಿ. ಎಣ್ಣೆ ಬದನೆಕಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಎಂಬ ಪಟ್ಟಿಗೆ ದಪ್ಪ ಫಾಂಟ್ ಬೇಡ. ನೋಟೋ ಸ್ಯಾನ್ಸ್ ಕನ್ನಡದಂಥ ಸಾದಾ ಅಕ್ಷರ ಸಾಕು. ಎಲ್ಲವೂ ಕೂಗಿದರೆ ಯಾವುದೂ ಕೇಳಿಸದು.

ಕೈಗುಣ ತರುವುದು

‘ಖಾನಾ’ ನೋಡಿ: ಅಕ್ಕಪಕ್ಕದ ಎರಡು ಇಳಿಗಳು (ದೀರ್ಘದ ‘ಾ’ ಗುರುತು) ಅಚ್ಚು ಹೊಡೆದಂತೆ ಒಂದೇ ಥರ ಇರುತ್ತವೆ. ಕೈಬರಹವಲ್ಲ, ಫಾಂಟು ಎಂಬ ಗುಟ್ಟು ರಟ್ಟಾಗುವುದೇ ಇಲ್ಲಿ. ಟೈಪ್ ಮಾಡಿದ ಕಡತದ ಪ್ರತಿ ಬೇರೆ ಇಟ್ಟುಕೊಂಡು, ಇಂಕ್‌ಸ್ಕೇಪ್‌ನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರಗಳನ್ನು ಗೆರೆಗಳಾಗಿಸಿ, ಅನ್‌ಗ್ರೂಪ್ ಮಾಡಿ. ಎರಡನೆಯ ಇಳಿಯ ತುದಿಯನ್ನು ನೋಡ್ (ಗೆರೆಯ ಮೇಲಿನ ಬಿಂದು) ಹಿಡಿದು ತುಸು ಎಳೆಯಿರಿ, ಒಂದೆರಡು ಅಕ್ಷರ 1 ಡಿಗ್ರಿ ವಾಲಿಸಿ. 3 ಡಿಗ್ರಿ ದಾಟಿದರೆ ಕುಡಿದವನ ನಡಿಗೆ. ಸೀಳು ಸಣ್ಣದಿದ್ದರೆ ಇದೇ ಹೊತ್ತಿಗೆ ಅಗಲಿಸಿ. 7 ಇಂಚಿನ ಅಕ್ಷರಕ್ಕೆ ಕಾಲಿಂಚಿಗಿಂತ ಕಡಿಮೆ ಬೇಡ.

ಬಣ್ಣದ ಅಂಚು ಬೇಕಾದರೆ ಅದೇ ಅಕ್ಷರಕ್ಕೆ ಹಚ್ಚಬೇಡಿ. ಅಂಚು ಒಳಕ್ಕೂ ಬೆಳೆದು ಹೊಟ್ಟೆ ತುಂಬಿಬಿಡುತ್ತದೆ. ಒಂದು ಪ್ರತಿ ತೆಗೆದು ಹಿಂದೆ ಇಟ್ಟು, ಅದಕ್ಕೆ ದಪ್ಪ ಅಂಚು ಕೊಡಿ. ಸ್ಟಿಕ್ಕರ್ ಕಟಿಂಗ್ ಮಾಡಿಸುವುದಾದರೆ ಒತ್ತು, ಮೈ ಒಂದರ ಮೇಲೊಂದು ಬಂದ ಕಡೆ ‘ಯೂನಿಯನ್’ ಕೊಟ್ಟು ಒಂದಾಗಿಸಲೇಬೇಕು. ಇಲ್ಲದಿದ್ದರೆ ಬ್ಲೇಡು ಆ ಗೆರೆಯ ಮೇಲೂ ಓಡಿ ಅಕ್ಷರ ತುಂಡಾಗುತ್ತದೆ.

ಪರೀಕ್ಷೆ, ಮುದ್ರಣ

ಬೋರ್ಡನ್ನು 8 ಇಂಚು ಅಗಲಕ್ಕೆ ಇಳಿಸಿ ಎ4 ಹಾಳೆಯಲ್ಲಿ ಮುದ್ರಿಸಿ. ಅದು 12ನೇ ಒಂದು ಪಾಲು. ಗೋಡೆಗೆ ಅಂಟಿಸಿ 5 ಅಡಿ ದೂರ ನಿಂತರೆ ರಸ್ತೆಯಲ್ಲಿ 60 ಅಡಿ ದೂರದಿಂದ ಕಂಡಂತೆ. ಹೆಸರು ಗೊತ್ತಿಲ್ಲದವರೊಬ್ಬರಿಂದ ಓದಿಸಿ. ನೀವೇ ಓದಿದರೆ ಕಣ್ಣಿಗಿಂತ ನೆನಪು ಮುಂದೆ ಓಡುತ್ತದೆ.

ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷೇಧ. ಜಾತ್ರೆಗೋ ಉರುಸಿಗೋ ಬಟ್ಟೆ ಬ್ಯಾನರ್ ಮಾಡಿಸುತ್ತಿದ್ದರೆ ಶಾಯಿ ನೂಲಿನುದ್ದಕ್ಕೆ ಹರಡುತ್ತದೆ, ಸೀಳನ್ನು ಇನ್ನಷ್ಟು ಅಗಲವಾಗಿ ಬಿಡಿ. ನಿಜ ಅಳತೆಯ ಪಿಡಿಎಫ್ ಕೊಟ್ಟು, ಪೂರ್ತಿ ಮುದ್ರಿಸುವ ಮೊದಲು ‘ಟ್ಟಿ’ ಇರುವ ಒಂದಡಿ ತುಂಡನ್ನು ಅದೇ ಬಟ್ಟೆಯ ಮೇಲೆ ಹೊಡೆಸಿ ನೋಡಿ.