ಬ್ರೆಜಿಲ್ ಸಿನಿಮಾದಲ್ಲಿ ತಪ್ಪು ಯಾವ್ದು, ಬೇಕಂತ ಮಾಡಿದ್ದು ಯಾವ್ದು: ನಾನು ಹುಡುಕಿದ ರೀತಿ

ತುಮಕೂರಲ್ಲಿ ನಂದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಧಾರೆ ಶಾಟಲ್ಲಿ ಗಂಡಿನ ಪೇಟ ಎಡಕ್ಕೆ ವಾಲಿದ್ದು ಮುಂದಿನ ಶಾಟಲ್ಲಿ ನೆಟ್ಟಗಿದ್ರೆ ತಕ್ಷಣ ಕಣ್ಣಿಗೆ ಬೀಳುತ್ತೆ, ಸಿನಿಮಾ ನೋಡೋವಾಗ್ಲೂ ಅದೇ ಕಣ್ಣು. ಭಾನುವಾರ ನಾವೊಂದಷ್ಟು ಜನ ಬಿ.ಎಚ್. ರೋಡ್ ಹತ್ರ ಸ್ಟುಡಿಯೋದಲ್ಲಿ ಸಿನಿಮಾ ಹಾಕ್ಕೊಂಡು ಕೂರ್ತೀವಿ, ಟೆರ್ರಿ ಗಿಲಿಯಂ ಅವರ 1985ರ ಬ್ರೆಜಿಲ್ ಹಾಕಿದಾಗ ಬಂದಷ್ಟು ಪ್ರಶ್ನೆ ಬೇರೆ ಯಾವ್ದಕ್ಕೂ ಬಂದಿಲ್ಲ.

ಕಷ್ಟ ಏನಂದ್ರೆ ಆ ಸಿನಿಮಾದ ಲೋಕನೇ ಕೆಟ್ಟುಹೋಗಿರೋದು. ಪುಟಾಣಿ ಕಂಪ್ಯೂಟರ್ ಸ್ಕ್ರೀನ್, ಅದರ ಮುಂದೆ ದೊಡ್ಡ ಲೆನ್ಸು, ಎಲ್ಲಿ ನೋಡಿದ್ರೂ ಪೈಪು, ಹೋಟೆಲಲ್ಲಿ ತಟ್ಟೆಗೆ ಮುದ್ದೆ ಇಟ್ಟಂಗೆ ಬಣ್ಣದ ಉಂಡೆ, ಜೊತೆಗೆ ಆ ಊಟದ ಫೋಟೋ. ಗುಬ್ಬಿಯಿಂದ ಬರೋ ನಾಟಕದ ಮೇಷ್ಟ್ರು "ಏನಪ್ಪ, ಇದು ಯಾವ ಕಾಲ, ಸೆಟ್ ಮಾಡೋರು ಎಡವಿದ್ದಾರಲ್ವ" ಅಂದ್ರು. ಇಲ್ಲ ಮೇಷ್ಟ್ರೆ, ಶುರುವಲ್ಲೇ ಹಾಕ್ತಾರೆ, 20ನೇ ಶತಮಾನದಲ್ಲಿ ಎಲ್ಲೋ ಒಂದು ಕಡೆ ಅಂತ.

ನಾನು ಮೊದ್ಲು ನೋಡೋದು ಆ ತಪ್ಪು ನಮಗೆ ಕಾಣ್ಲಿ ಅಂತ ಕ್ಯಾಮೆರಾನೇ ತೋರಿಸ್ತಿದ್ಯಾ ಅನ್ನೋದು. ಹುಳ ಮೆಷಿನ್ ಒಳಗೆ ಬಿದ್ದು ಸರ್ಕಾರ ಹುಡುಕ್ತಿರೋ ಟಟಲ್ ಅನ್ನೋನ ಹೆಸರು ಬಟಲ್ ಅಂತ ಅಚ್ಚಾಗುತ್ತೆ, ಏನೂ ಮಾಡದ ಬಟಲ್ ಅನ್ನೋ ಸಂಸಾರಸ್ಥನನ್ನ ಮನೆಯಿಂದ ಎಳ್ಕೊಂಡು ಹೋಗ್ತಾರೆ. ಅದು ಕಥೆಯ ತಪ್ಪು, ಸಿನಿಮಾ ನಿಂತಿರೋದೇ ಅದರ ಮೇಲೆ. ಶೂಟಿಂಗ್ ತಪ್ಪು ಹಂಗಲ್ಲ, ಫ್ರೇಮಲ್ಲಿರೋ ಯಾರೂ ಅದನ್ನ ಗಮನಿಸಲ್ಲ, ಕಟ್ ಆದ ಜಾಗದಲ್ಲಿ, ಅಂದ್ರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗೋ ಕಡೆ ಮಾತ್ರ ಸಿಗುತ್ತೆ. ಒಂದೇ ಮಾತುಕತೆನ ಮೊದ್ಲು ದೂರದಿಂದ ಪೂರ್ತಿ ತೆಗೆದು, ಲೈಟ್ ಬದಲಾಯ್ಸಿ, ಆಮೇಲೆ ಒಬ್ಬೊಬ್ಬರ ಕ್ಲೋಸಪ್ ತೆಗೀತಾರೆ, ಮಧ್ಯ ಗಂಟೆಗಟ್ಲೆ ಹೋಗಿರುತ್ತೆ, ಆಗ ಕಾಲರ್ರು, ಕೂದಲು, ಲೋಟದ ನೀರು, ಕೈ ಇಟ್ಟ ಜಾಗ ಎಲ್ಲಾ ಬದಲಾಗುತ್ತೆ. ಕಂಪ್ಯೂಟರಲ್ಲಿ ಸಿನಿಮಾ ಹಾಕೋ ವಿಎಲ್‌ಸಿ ಪ್ಲೇಯರಲ್ಲಿ ಇ ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ. ಕಟ್‌ಗೆ ಮುಂಚಿನ ಫ್ರೇಮು, ಆಮೇಲಿನ ಫ್ರೇಮು ಎರಡೂ ಸ್ಕ್ರೀನ್‌ಶಾಟ್ ತೆಗೆದು ಅಕ್ಕಪಕ್ಕ ಇಟ್ಕೊಂಡು ನೋಡ್ತೀನಿ. ಮಧ್ಯದಲ್ಲಿ ಕಥೆಯಲ್ಲೇ ಟೈಮ್ ಕಳೆದಿದ್ರೆ ತಪ್ಪು ಅನ್ನಲ್ಲ.

ಕನಸಿನ ಸೀನುಗಳನ್ನಂತೂ ಲೆಕ್ಕಕ್ಕೇ ತಗೊಳಲ್ಲ. ಕೊನೇಲಿ ನಟ ರಾಬರ್ಟ್ ಡಿ ನಿರೋ ಮಾಡಿರೋ ಟಟಲ್‌ನ ಮೈಗೆಲ್ಲ ಕಾಗದ ಸುತ್ಕೊಂಡು ಮನುಷ್ಯನೇ ಮಾಯ ಆಗ್ತಾನೆ, ಎಡಿಟಿಂಗಲ್ಲಿ ಶಾಟ್ ಬಿಟ್ಟುಹೋಗಿದೆ ಅಂತ ಒಬ್ಬ ಹುಡುಗ ವಾದ ಮಾಡ್ದ. ಆ ಹೊತ್ತಿಗೆ ಸಿನಿಮಾದ ನಾಯಕ ಸ್ಯಾಮ್ ಕುರ್ಚಿಯಲ್ಲಿ ಕಟ್ಟಿಹಾಕಿಸ್ಕೊಂಡು ಕೂತಿದ್ದಾನೆ, ನಾವು ನೋಡ್ತಿರೋದು ಅವನ ತಲೆಯೊಳಗಿಂದು, ಇಡೀ ಸಿನಿಮಾದಲ್ಲಿ ನನಗೆ ಅತೀ ಇಷ್ಟವಾದ ಜಾಗ ಅದೇ. ಆ ಕುರ್ಚಿ ಇರೋ ಗುಂಡನೆ ದೊಡ್ಡ ಕೋಣೆ ಗ್ರಾಫಿಕ್ಸಾ ಅಂತಾನೂ ಕೇಳಿದ್ರು, ಅಲ್ಲ, ಲಂಡನ್ನಿನ ಕ್ರಾಯ್ಡನ್‌ನಲ್ಲಿದ್ದ ವಿದ್ಯುತ್ ಸ್ಥಾವರದ ನಿಜವಾದ ಕೂಲಿಂಗ್ ಟವರ್ ಒಳಗೆ ತೆಗೆದಿದ್ದು. ಬ್ರೆಜಿಲ್ ದೇಶ ಬರೋದೇ ಇಲ್ಲ, ಹೆಸರು ಯಾಕೆ ಅಂದ್ರೆ ಸಿನಿಮಾ ಪೂರ್ತಿ ಕೇಳೋ ಆ ರಾಗ, ಅರಿ ಬರೋಸೊ ಅವರ 1939ರ ಹಾಡಿಂದು.

ಇನ್ನು ಕೆಲವ್ರು ಕೊನೇಲಿ ಸ್ಯಾಮು, ಅವನು ಪ್ರೀತಿಸೋ ಜಿಲ್ಲು ಸುಖವಾಗಿರ್ತಾರಲ್ಲ ಅಂತಾರೆ, ಅವರು ನೋಡಿರೋದು ಬೇರೆ ಕಟ್, ಅಂದ್ರೆ ಬೇರೆ ಥರ ಎಡಿಟ್ ಮಾಡಿರೋ ಸಿನಿಮಾ. ಯುರೋಪಲ್ಲಿ ಬಂದಿದ್ದು 142 ನಿಮಿಷ, ಅಮೆರಿಕದಲ್ಲಿ 132, ಸ್ಟುಡಿಯೋದವರು ತಮಗೆ ಬೇಕಾದಂಗೆ ಕತ್ತರಿಸಿ ಟೀವಿಗೆ ಬಂದಿದ್ದು 94. ಅದಕ್ಕೆ ಕ್ಲೈಮ್ಯಾಕ್ಸ್ ಬಗ್ಗೆ ಯಾರೇ ಕೇಳಿದ್ರೂ ಫೈಲ್ ಎಷ್ಟು ನಿಮಿಷ ಇದೆ ನೋಡಿ ಹೇಳಿ ಅಂತೀನಿ, 94 ಅಂದ್ರೆ 142ರದ್ದು ನೋಡ್ಕೊಂಡು ಬನ್ನಿ, ಆಮೇಲೆ ಮಾತಾಡೋಣ.